ಎಡ ಅಂಗೈಗೊಂದು ಕೆಲಸ

ಕಾಶಿಯ ದಶಾಶ್ವಮೇಧ ಘಾಟಿನಲ್ಲಿ ಬೆಳಗಿನ ಸ್ನಾನಕ್ಕಿಳಿಯುವವರ ನಡುವೆ ಕನ್ನಡದ ಮಾತೂ ಕೇಳಿಸುತ್ತದೆ. ನಮ್ಮವರು ತಂಗುವ ಜಂಗಮವಾಡಿ ಮಠ ಅಲ್ಲಿಂದ ನಡೆದುಹೋಗುವಷ್ಟೇ ದೂರ. ಮೆಟ್ಟಿಲಿಳಿದು ಮುಳುಗು ಹಾಕುವುದು, ಒದ್ದೆ ಬಟ್ಟೆ ಬದಲಿಸುವುದು, ವಿಭೂತಿ ಧರಿಸುವುದು, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸುವುದು. ಲಿಂಗವಂತರಿಗೆ ಇದು ಯೋಚಿಸದೆಯೇ ಸಾಗುವ ನಿತ್ಯಕರ್ಮ. ಕಾಯಿಲೆ ಬಿದ್ದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟರ ಕಣ್ಣು ಮಾತ್ರ ಇದನ್ನು ಎಳೆ ಎಳೆಯಾಗಿ ಬಿಡಿಸುತ್ತದೆ.

ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದವರಿಗೆ ಆ ಪೂಜೆಯೊಂದೇ ಎಷ್ಟು ಕಷ್ಟ! ಅಂಗೈ ಮೇಲ್ಮುಖವಾಗಬೇಕು, ಲಕ್ವದ ಕೈ ಒಳಕ್ಕೆ ತಿರುಚಿ ಮುಷ್ಟಿ ಕಟ್ಟಲು ನೋಡುತ್ತದೆ. ಮಣಿಕಟ್ಟು ಅಲುಗಬಾರದು, ಮೈ ಒಂದು ಕಡೆ ವಾಲಬಾರದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಪಕ್ಕ ಗಮನಕ್ಕೇ ಬರುವುದಿಲ್ಲ. ತಟ್ಟೆಯ ಎಡಗಡೆಯ ಅನ್ನ ಹಾಗೇ ಉಳಿಯುತ್ತದೆ, ವಿಭೂತಿ ಅರ್ಧ ಹಣೆಗೇ ನಿಲ್ಲುತ್ತದೆ. ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಇಂಥವರ ನೋಟವನ್ನು ಎಡ ಅಂಗೈಗೇ ಎಳೆದು ತರುವ ಪೂಜೆ, ನೆಂಟರಿಷ್ಟರು ಹಿಸುಕಲು ತಂದುಕೊಡುವ ರಬ್ಬರ್ ಚೆಂಡಿಗಿಂತ ಮೇಲೆಂದು ನನಗನ್ನಿಸುತ್ತದೆ. ರೋಗಿಗೆ ಬೇಕಾದ ಕೆಲಸವನ್ನೇ ಔಷಧ ಮಾಡುವುದು ಆಕ್ಯುಪೇಷನಲ್ ಥೆರಪಿಯ ಜಾಣ್ಮೆ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ತೆರೆದರು.

ಈ ಚಿಕಿತ್ಸೆ ಬೇಗ, ಆಸ್ಪತ್ರೆಯ ಮಂಚದಲ್ಲೇ ಶುರುವಾಗುತ್ತದೆ. ಜೋತುಬಿದ್ದ ತೋಳಿಗೆ ದಿಂಬಿನ ಆಸರೆ. ಆ ತೋಳು ಹಿಡಿದು ಎಳೆದರೆ ಭುಜದ ಕೀಲು ಜಾರೀತು. ಅಂಗಿ ತೊಡುವಾಗ ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಆದರೆ ಬೇಗ ಎಂದರೆ ಅವಸರವಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ 'ಅವರ್ಟ್' ಅಧ್ಯಯನದಲ್ಲಿ, 24 ಗಂಟೆಯೊಳಗೇ ಎಬ್ಬಿಸಿ ಪದೇ ಪದೇ ನಿಲ್ಲಿಸಿ ನಡೆಸಿದವರು ಮೂರು ತಿಂಗಳ ಹೊತ್ತಿಗೆ ಮಾಮೂಲಿ ಆರೈಕೆ ಪಡೆದವರಿಗಿಂತ ಹಿಂದೆ ಬಿದ್ದಿದ್ದರು. ಹಾಗಾದರೆ ಮನೆಯವರಿಗೇ ಕಲಿಸಿ ಕಳಿಸಿದರೆ? ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ಅದನ್ನೂ ನೋಡಿದ್ದಾರೆ. 2017ರಲ್ಲಿ ಬಂದ 'ಅಟೆಂಡ್' ಅಧ್ಯಯನದ ಪ್ರಕಾರ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಕ್ಕರೆ ಬೇಕು, ಆದರೆ ಇವತ್ತು ಎಷ್ಟು, ನಾಳೆ ಯಾವುದು ಎಂದು ಅಳೆಯುವ ಕಣ್ಣು ಬೇರೆಯೇ.

ಆ ಕಣ್ಣು ಮನೆಗೆ ಕಳಿಸುವ ಮುನ್ನ ವಿಚಾರಿಸುತ್ತದೆ: "ಅಜ್ಜಾ, ಪೂಜೆಗೆ ನೆಲದ ಮೇಲೆ ಕೂಡ್ತಿದ್ರೋ, ಮಣೆ ಮೇಲೋ?" ನೆಲದಿಂದ ಏಳಲಾಗದಿದ್ದರೆ ಕುರ್ಚಿ, ಕೈ ನಡುಗಿದರೆ ಮೊಣಕೈ ಕೆಳಗೊಂದು ಮೇಜು, ಅದೂ ಸಾಲದಾದಾಗ ಎಡ ಅಂಗೈಗೆ ಕೆಳಗಿನಿಂದ ಬಲಗೈಯ ಆಸರೆ.