ಪಕ್ಷಾಘಾತದಲ್ಲಿ ಅರೆನೆರಳಿನ ವಿಚಾರ

ಪಕ್ಷಾಘಾತ, ಪಾರ್ಶ್ವವಾಯು ಎಂಬ ಹೆಸರುಗಳು ದೇಹದ ಒಂದು ಪಾರ್ಶ್ವವನ್ನು ನಿರ್ದೇಶಿಸುವುವಲ್ಲದೆ ರೋಗದ ಮೂಲಸ್ಥಾನವಾದ ಮಿದುಳನ್ನು ಸೂಚಿಸುವುದಿಲ್ಲ. ಈ ವ್ಯಾಧಿಗೆ ಕಾರಣ ಎರಡು ಬಗೆ: ರಕ್ತವು ಹೆಪ್ಪುಗಟ್ಟಿ ಮಿದುಳಿನ ನಾಳವನ್ನು ಮುಚ್ಚುವುದು ಒಂದು; ನಾಳವೊಡೆದು ರಕ್ತವು ಸುರಿಯುವುದು ಮತ್ತೊಂದು. ಹೊರಗಿನ ಲಕ್ಷಣಗಳು ಎರಡರಲ್ಲಿಯೂ ಒಂದೇ ತೆರನಾಗಿರಬಹುದು. ಚಿಕಿತ್ಸೆಯಾದರೋ ಪರಸ್ಪರ ವಿರುದ್ಧ. ಹೆಪ್ಪನ್ನು ಕರಗಿಸುವ ಔಷಧವನ್ನು ರಕ್ತಸ್ರಾವವಾಗಿರುವವನಿಗೆ ಕೊಟ್ಟರೆ ಅದೇ ಪ್ರಾಣಾಂತಕವಾದೀತು. ಆದುದರಿಂದ ಮಿದುಳಿನ ಚಿತ್ರವಿಲ್ಲದೆ ಈ ಔಷಧವನ್ನು ಪ್ರಯೋಗಿಸತಕ್ಕುದಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಆ ಸಿ.ಟಿ. ಚಿತ್ರದಲ್ಲಿ ಹೊಸದಾಗಿ ಸುರಿದ ರಕ್ತವು ಬೆಳ್ಳಗೆ ಕಾಣುವುದರಿಂದ ಮೊದಲ ಸಂದೇಹವು ಪರಿಹಾರವಾಗುವುದು.

ಎರಡನೆಯ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದುದು. ಹೆಪ್ಪು ಕರಗಿಸುವ ಔಷಧದಿಂದ ಪ್ರಯೋಜನವುಂಟೆಂದು 1995ರಲ್ಲಿ ಸಿದ್ಧಪಟ್ಟಾಗ ಅವಧಿಯು 3 ಗಂಟೆಗಳಾಗಿದ್ದಿತು. 2008ರಲ್ಲಿ ಅದು 4.5 ಗಂಟೆಗಳವರೆಗೆ ವಿಸ್ತರಿಸಿತು. ಆದರೆ ರಾತ್ರಿ ಸ್ವಸ್ಥನಾಗಿ ಮಲಗಿ, ಬೆಳಗ್ಗೆ ಕೈಯೆತ್ತಲಾರದೆ ಎದ್ದವನ ಗತಿಯೇನು? ಅವನ ಆಘಾತಕಾಲವನ್ನು ಹೇಳಬಲ್ಲವರಾರೂ ಇಲ್ಲ. ಕಾಲವೊಂದೇ ಪ್ರಮಾಣವೆಂದರೆ ಅವನು ಚಿಕಿತ್ಸೆಗೆ ಅನರ್ಹನಾಗುವನು.

ಇಲ್ಲಿ ಸಹಾಯಕ್ಕೆ ಬಂದುದು ಗ್ರಹಣಶಾಸ್ತ್ರದಿಂದ ತಂದ ಒಂದು ಪದ. ಲ್ಯಾಟಿನ್ನಿನಲ್ಲಿ 'ಪೇನೆ' ಎಂದರೆ ಬಹುಮಟ್ಟಿಗೆ, 'ಉಂಬ್ರ' ಎಂದರೆ ನೆರಳು. ಎರಡೂ ಸೇರಿ 'ಪೆನಂಬ್ರ', ಅಂದರೆ ಅರೆನೆರಳು. ನಾಳವು ಮುಚ್ಚಿದೊಡನೆ ಮಿದುಳಿನ ಒಂದು ಭಾಗವು ಬೇಗನೆ ಸಾಯುವುದು; ಅದು ಪೂರ್ಣನೆರಳು. ಅದರ ಸುತ್ತಲಿನ ಭಾಗವು ಪಕ್ಕದ ನಾಳಗಳ ಅಲ್ಪರಕ್ತದಿಂದ ಕೆಲಸ ನಿಲ್ಲಿಸಿಯೂ ಜೀವ ಹಿಡಿದಿರುವುದು. ಅದನ್ನೇ ಆಸ್ಟ್ರಪ್, ಸೀಶೋ, ಸೈಮನ್ ಎಂಬ ವಿದ್ವಾಂಸರು 1981ರ ಪ್ರಬಂಧದಲ್ಲಿ ಅರೆನೆರಳೆಂದು ಕರೆದರು. ಉಪಮಾನಕ್ಕೂ ಉಪಮೇಯಕ್ಕೂ ಒಂದು ಭೇದವುಂಟು: ಗ್ರಹಣದ ನೆರಳು ತಾನಾಗಿ ಸರಿಯುವುದು, ಮಿದುಳಿನ ಅರೆನೆರಳು ರಕ್ತವು ಮರಳಿ ಹರಿಯದಿದ್ದರೆ ಪೂರ್ಣನೆರಳಾಗುವುದು. ಪಕ್ಕದ ನಾಳಗಳ ಬಲವು ಎಲ್ಲರಲ್ಲಿಯೂ ಸಮವಲ್ಲವಾದ್ದರಿಂದ ಒಬ್ಬನಲ್ಲಿ ಎರಡು ಗಂಟೆಗಳಲ್ಲಿ ಸಾಯುವ ಭಾಗವು ಮತ್ತೊಬ್ಬನಲ್ಲಿ ಹತ್ತು ಗಂಟೆಗಳ ಮೇಲೆಯೂ ಉಳಿದಿರಬಹುದು.

ಈ ಅರೆನೆರಳನ್ನು ರಕ್ತಸಂಚಾರದ ಚಿತ್ರವು ತೋರಿಸಬಲ್ಲುದು. 2018ರಲ್ಲಿ ಪ್ರಕಟವಾದ 'ಡಾನ್' ಪರೀಕ್ಷೆಯಲ್ಲಿ, ಅಂಗವೈಕಲ್ಯವು ಹೆಚ್ಚಾಗಿದ್ದೂ ಚಿತ್ರದಲ್ಲಿ ಸತ್ತ ಭಾಗವು ಚಿಕ್ಕದಾಗಿದ್ದ ರೋಗಿಗಳನ್ನು ಆರಿಸಿ, 6ರಿಂದ 24 ಗಂಟೆಗಳೊಳಗೆ ನಾಳದ ಮೂಲಕ ಹೆಪ್ಪನ್ನು ಹೊರತೆಗೆಯಲಾಯಿತು. 90 ದಿನಗಳ ಮೇಲೆ ಪರಾಧೀನರಾಗದೆ ಬಾಳುತ್ತಿದ್ದವರು ಅವರಲ್ಲಿ ನೂರಕ್ಕೆ 49. ಈ ಚಿಕಿತ್ಸೆಯಿಲ್ಲದವರಲ್ಲಿ 13. ಅದೇ ವರ್ಷದ 'ವೇಕ್ ಅಪ್' ಪರೀಕ್ಷೆಯು, ಆಘಾತಕಾಲವು ತಿಳಿಯದವರಲ್ಲಿಯೂ ಎಂ.ಆರ್.ಐ. ಚಿತ್ರದ ಆಧಾರದಿಂದ ಔಷಧವನ್ನು ಕೊಡಬಹುದೆಂದು ತೋರಿಸಿತು.

ಇದರಿಂದ ವಿಳಂಬಕ್ಕೆ ಅನುಜ್ಞೆ ದೊರೆಯಿತೆಂದು ಭಾವಿಸಬಾರದು. ದೊಡ್ಡ ನಾಳವು ಮುಚ್ಚಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುವುವೆಂದು 2006ರಲ್ಲಿ ಗಣಿಸಲಾಗಿದೆ. ಬೇಗನೆ ಬಂದವನನ್ನು ಅನಾವಶ್ಯಕವಾದ ಚಿತ್ರಗಳಿಗಾಗಿ ಕಾಯಿಸುವುದು ಉಳಿದುದನ್ನೂ ಕಳೆದಂತೆ. ಚಿತ್ರವು ಕೊನೆಯ ತೀರ್ಪೂ ಅಲ್ಲ: ಸತ್ತ ಭಾಗವು ದೊಡ್ಡದಾಗಿ ಕಂಡವರಲ್ಲಿಯೂ ಹೆಪ್ಪು ತೆಗೆಯುವುದರಿಂದ ಕೆಲವರಿಗೆ ಉಪಕಾರವಾಗುವುದೆಂದು 2022 ಮತ್ತು 2023ರ ಪರೀಕ್ಷೆಗಳು ತಿಳಿಸಿವೆ. ಗಡಿಯಾರವು ಕಳೆದ ಹೊತ್ತನ್ನು ಹೇಳುವುದು. ಚಿತ್ರವು ಉಳಿದ ಜೀವವನ್ನು ಹೇಳುವುದು. ವೈದ್ಯನಿಗೆ ಎರಡೂ ಪ್ರಮಾಣಗಳೇ. ಒಂದರ ನೆಪದಿಂದ ಮತ್ತೊಂದನ್ನು ಬಿಡತಕ್ಕುದಲ್ಲ.