ಕಾಯಕ ಕೇಳುವವರಿಗೆ ದಾಸೋಹ ನೆನಪಿರಲಿ

ಅಷ್ಟಾವರಣ ಅಂಗ, ಪಂಚಾಚಾರ ಪ್ರಾಣ, ಷಟ್‌ಸ್ಥಲ ಆತ್ಮ ಎಂಬುದು ವೀರಶೈವರಲ್ಲಿ ಮಕ್ಕಳಿಗೂ ಬಾಯಿಪಾಠವಾದ ಮಾತು. ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂಬ ಆ ಐದು ಆಚಾರಗಳಲ್ಲಿ ನಮ್ಮ ಜನರು ಪ್ರವಚನಗಳಲ್ಲಿ ಹೆಚ್ಚಾಗಿ ಕೇಳಿದ್ದು ಭೃತ್ಯಾಚಾರವನ್ನು. ತಗ್ಗಿ ನಡೆಯಬೇಕು, ಕಿರಿಯನಾಗಿ ಇರಬೇಕು, ಸೇವೆ ಮಾಡಬೇಕು ಎಂಬ ಬೋಧೆ ಅದು. ಗಣಾಚಾರದ ಮಾತು ಬಂದಾಗ ಮಾತ್ರ ನಮ್ಮ ಧ್ವನಿ ಇಳಿಯುತ್ತದೆ. ಏಕೆಂದರೆ ಅನ್ಯಾಯವನ್ನು ಕಂಡು ಸುಮ್ಮನಿರಬಾರದು ಎನ್ನುವುದು ಗಣಾಚಾರ. ಅದನ್ನು ಹೇಳಿದರೆ ಯಾರಿಗಾದರೂ ಬೇಸರವಾಗುತ್ತದೆ. ಬೇಸರವಾಗುವವರು ಬಹುತೇಕ ಮುಂದಿನ ಸಾಲಿನಲ್ಲಿ ಕುಳಿತವರೇ ಆಗಿರುತ್ತಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಸದ್ಭಕ್ತರು ಮೊದಲೆಲ್ಲ ಮಠಕ್ಕೆ ಬಂದರೆ ಮಳೆ, ಮದುವೆ, ಬೇನೆ ಈ ಮೂರರ ಮಾತು ಆಡುತ್ತಿದ್ದರು. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಕಂಪನಿಯ ಮಾತು. ಕಬ್ಬು ಬೆಳೆದವನ ಬಾಯಲ್ಲಿ ಅದು ಸಕ್ಕರೆ ಕಾರ್ಖಾನೆ, ಮಗನನ್ನು ಬೆಂಗಳೂರಿಗೋ ಪುಣೆಗೋ ಕಳಿಸಿದವನ ಬಾಯಲ್ಲಿ ಸಾಫ್ಟ್‌ವೇರ್ ಕಚೇರಿ, ಮಗಳನ್ನು ಗಾರ್ಮೆಂಟಿಗೆ ಕಳಿಸಿದವಳ ಬಾಯಲ್ಲಿ ಹೊಲಿಗೆಯ ಫ್ಯಾಕ್ಟರಿ. ದೂರು ಮಾತ್ರ ಒಂದೇ: ದುಡಿಸಿಕೊಳ್ಳುತ್ತಾರೆ, ಮನುಷ್ಯರೆಂದು ಕಾಣುವುದಿಲ್ಲ.

ಈ ನೆಲಕ್ಕೆ ಕಂಪನಿ ಎಂಬ ಶಬ್ದ ಹೊಸದಲ್ಲ. ಲಂಡನ್ನಿನಲ್ಲಿ ಷೇರುದಾರರನ್ನಿಟ್ಟುಕೊಂಡು ಲಾಭದ ಲೆಕ್ಕ ಬರೆಯುತ್ತಿದ್ದ ಒಂದು ವ್ಯಾಪಾರಿ ಸಂಸ್ಥೆ ೧೮೨೪ರಲ್ಲಿ ಕಿತ್ತೂರಿನ ಬಾಗಿಲಿಗೆ ಬಂದು ನಿಂತಿತ್ತು. ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ಲಿಂಗೈಕ್ಯನಾದಾಗ ದತ್ತಕವನ್ನು ಒಪ್ಪದೆ, ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿದ. ಕಾಗದಪತ್ರದ ಪ್ರಕಾರ ಎಲ್ಲವೂ ನಿಯಮಬದ್ಧವೇ ಎಂಬುದು ಅವನ ವಾದ. ಆ ವರ್ಷದ ಅಕ್ಟೋಬರ್ ೨೩ರಂದು ಏನಾಯಿತೆಂಬುದನ್ನು ಇಲ್ಲಿಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಲಿಂಗೈಕ್ಯಳಾದಳು. ಆಕೆಯ ಸಮಾಧಿಗೆ ಕೈಮುಗಿಯುವ ನಾವು ಒಂದನ್ನು ಗಮನಿಸುವುದಿಲ್ಲ. ಆಕೆ ಎದುರಿಸಿದ್ದು ಒಬ್ಬ ಅರಸನನ್ನಲ್ಲ, ಒಂದು ಕಂಪನಿಯನ್ನು. ಅರಸನಾದರೆ ಮುಖ ಇರುತ್ತದೆ, ನಾಚಿಕೆ ಇರುತ್ತದೆ, ಪಾಪದ ಭಯವಾದರೂ ಇರುತ್ತದೆ. ಕಂಪನಿಗೆ ಇವು ಯಾವುವೂ ಇಲ್ಲ. ಕೇಳಹೋದರೆ ಇದು ಮೇಲಿನವರ ಆದೇಶವೆನ್ನುತ್ತಾರೆ. ಮೇಲಿನವರನ್ನು ಕೇಳಿದರೆ ಅವರ ಮೇಲೆ ಇನ್ನೊಬ್ಬರು.

ಕಬ್ಬಿನ ವಿಷಯವನ್ನೇ ನೋಡೋಣ. ಸವದತ್ತಿ ಕಡೆಯ ಭಕ್ತರೊಬ್ಬರು ಹೇಳಿದರು: “ಅಜ್ಜಾರ, ಕಬ್ಬ ನಮ್ಮದು. ಕಾಟಾ ಅವರದು, ರಿಕವರಿ ಅವರದು, ರೇಟೂ ಅವರದ. ಇದರಾಗ ನಮ್ಮದೇನೈತ್ರಿ?” ಇಷ್ಟು ಚೊಕ್ಕಟವಾಗಿ ಯಾವ ಅರ್ಥಶಾಸ್ತ್ರಜ್ಞನೂ ಹೇಳಲಾರ. ಕೇಂದ್ರ ಸರಕಾರ ೨೦೨೫–೨೬ರ ಹಂಗಾಮಿಗೆ ಶೇಕಡಾ ೧೦.೨೫ ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ ೩೫೫ ರೂಪಾಯಿ ಗೊತ್ತು ಮಾಡಿತು. ಟನ್ನಿಗೆ ೩,೫೫೦. ಅದರಲ್ಲಿ ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಕಳೆದು ರೈತನ ಕೈಗೆ ಬರುವುದು ಬೇರೆಯೇ ಅಂಕಿ. ತೂಕ ನೋಡುವವರು ಕಾರ್ಖಾನೆಯವರು, ಸಕ್ಕರೆಯ ಅಂಶ ಅಳೆಯುವವರೂ ಅವರೇ. ಕೊಳ್ಳುವವನೇ ತಕ್ಕಡಿ ಹಿಡಿದರೆ ಮಾರುವವನಿಗೆ ಸಂಶಯ ಬಾರದಿರುವುದು ಹೇಗೆ? ಕಡಿಯುವ ಪಾಳಿ ತಡವಾದರೆ ಹೊಲದಲ್ಲಿಯೇ ಕಬ್ಬು ಹೂಬಿಟ್ಟು ಬೆಂಡಾಗುತ್ತದೆ; ಆ ನಷ್ಟವನ್ನು ಯಾರ ಪುಸ್ತಕದಲ್ಲಿಯೂ ಬರೆಯುವುದಿಲ್ಲ.

೨೦೨೫ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯ ಮೇಲೆ ಕುಳಿತರು. ಟನ್ನಿಗೆ ೩,೫೦೦ ರೂಪಾಯಿ ಅವರ ಬೇಡಿಕೆ. ಅಲ್ಲಿಯೇ ಅಡಿಗೆ, ಅಲ್ಲಿಯೇ ಊಟ, ಅಲ್ಲಿಯೇ ಭಜನೆ. ನವೆಂಬರ್ ೭ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಭೆಯಾಗಿ, ೧೧.೨೫ ಇಳುವರಿಗೆ ೩,೩೦೦ ರೂಪಾಯಿಯೆಂದು ತೀರ್ಮಾನವಾಯಿತು. ರೈತರು ಕೇಳಿದಷ್ಟು ಸಿಗಲಿಲ್ಲ, ಆದರೆ ಕೇಳದೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಸಿಕ್ಕಿತು. ರಸ್ತೆಯಲ್ಲಿ ಕುಳಿತು, ಹಂಚಿಕೊಂಡು ಉಂಡು, ಒಬ್ಬರಿಗೊಬ್ಬರು ಬಿಟ್ಟುಕೊಡದೆ ಇದ್ದುದನ್ನು ನಾವು ಗಣಾಚಾರವೆಂದೇ ಕರೆಯುತ್ತೇವೆ.

ಅದೇ ತಿಂಗಳು ೧೩ರಂದು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರು ಎಂಬ ವಾದ ಬೇರೆ. ಸುಟ್ಟದ್ದು ಯಾರದು? ಕಬ್ಬು ರೈತನದು. ಟ್ರ್ಯಾಕ್ಟರೂ ಬ್ಯಾಂಕಿನ ಸಾಲ ತೆಗೆದು ಕೊಂಡ ನಮ್ಮಂಥದೇ ಊರಿನ ಹುಡುಗನದು. ಕೋಲಾರದ ನರಸಾಪುರದಲ್ಲಿ ೨೦೨೦ರ ಡಿಸೆಂಬರ್ ೧೨ರಂದು ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳ ಸರಿಯಾಗಿ ಬರಲಿಲ್ಲವೆಂದು ಗಾಜು ಒಡೆದು, ವಾಹನ ಉರುಳಿಸಿದರು. ಆಮೇಲೆ ವಿಚಾರಣೆಯಾಗಿ ಸಂಬಳದಲ್ಲಿ ದೋಷವಿದ್ದುದು ನಿಜವೆಂದಾಯಿತು, ಕಂಪನಿಯೇ ಕ್ಷಮೆ ಕೇಳಿತು. ಆದರೆ ಅಷ್ಟರಲ್ಲಿ ನೂರಾರು ಹುಡುಗರು ಪೋಲೀಸ್ ಕೇಸಿನಲ್ಲಿ ಸಿಕ್ಕಿದ್ದರು. ನ್ಯಾಯ ಅವರ ಕಡೆ ಇತ್ತು, ಕಲ್ಲು ಎತ್ತಿದ ಗಳಿಗೆಯಲ್ಲಿ ಅದು ಅವರ ಕೈಯಿಂದ ಜಾರಿತು.

ಇದಕ್ಕೆ ಪ್ರತಿಯಾಗಿ ೨೦೧೬ರ ಏಪ್ರಿಲ್ಲಿನ ಪ್ರಸಂಗವನ್ನು ನೆನೆಯಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷವಾಗುವ ತನಕ ತೆಗೆಯಬಾರದೆಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಏಪ್ರಿಲ್ ೧೮ ಮತ್ತು ೧೯ರಂದು ಬೀದಿಗೆ ಬಂದರು. ಅವರಿಗೆ ದೊಡ್ಡ ನಾಯಕರಿರಲಿಲ್ಲ. ಎರಡು ದಿನದಲ್ಲಿ ನಿಯಮ ಹಿಂದಕ್ಕೆ ಹೋಯಿತು. ಅಲ್ಲಿಯೂ ಕಲ್ಲು ತೂರಾಟವಾಗಿ ಬಸ್ಸು ಸುಟ್ಟವು, ಅದನ್ನು ನಾವು ಮೆಚ್ಚುವುದಿಲ್ಲ. ಆದರೆ ದೆಹಲಿಯನ್ನು ಬಗ್ಗಿಸಿದ್ದು ಬೆಂಕಿಯಲ್ಲ, ಸಾವಿರಾರು ಹೊಲಿಗೆ ಯಂತ್ರಗಳು ಒಮ್ಮೆಲೇ ನಿಂತದ್ದು.

ಇನ್ನು ಓದಿದ ಮಕ್ಕಳ ವಿಷಯ. ಇವರ ಸಂಬಳ ಕೇಳಿ ಊರಿನವರು ಹುಬ್ಬೇರಿಸುತ್ತಾರೆ, ಆದುದರಿಂದ ಇವರ ಸಂಕಟ ಯಾರಿಗೂ ಸಂಕಟವೆಂದು ತೋರುವುದಿಲ್ಲ. ರಾಮದುರ್ಗದ ಕಡೆಯ ತಾಯಿಯೊಬ್ಬಳು, “ಅಜ್ಜಾರ, ಹುಡುಗ ಮಾತಾಡೂದ ಬಿಟ್ಟಾನ್ರಿ. ಯಾವಾಗ ಫೋನ್ ಹಚ್ಚಿದರೂ ಮೀಟಿಂಗಿನ್ಯಾಗ ಅದೀನಿ ಅಂತಾನ. ರಾತ್ರಿ ಹನ್ನೊಂದಕ್ಕ ಎಂಥಾ ಮೀಟಿಂಗರಿ?” ಎಂದು ಕಣ್ಣೀರಿಟ್ಟಳು. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ೨೦೨೩ರ ಅಕ್ಟೋಬರಿನಲ್ಲಿ ಯುವಕರು ವಾರಕ್ಕೆ ೭೦ ತಾಸು ದುಡಿಯಬೇಕೆಂದರು. ೨೦೨೫ರ ಜನವರಿಯಲ್ಲಿ ಲಾರ್ಸನ್ ಆಂಡ್ ಟೂಬ್ರೊ ಅಧ್ಯಕ್ಷರ ಮಾತು ಹೊರಬಿತ್ತು: ೯೦ ತಾಸು, ಆದಿತ್ಯವಾರವೂ ಸೇರಿ. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಪ್ರಶ್ನೆ ಬೇರೆ. ವಾರಕ್ಕೆ ಆರು ದಿನವೆಂದರೆ ೯೦ ತಾಸಿಗೆ ದಿನಕ್ಕೆ ೧೫ ತಾಸಾಗುತ್ತದೆ. ಉಳಿದ ಒಂಬತ್ತರಲ್ಲಿ ನಿದ್ರೆ, ಸ್ನಾನ, ಊಟ, ಬೆಂಗಳೂರಿನ ಟ್ರಾಫಿಕ್. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವುದು ಯಾವಾಗ? ಗೃಹಸ್ಥನ ಮನೆಯೇ ಮಹಾಮನೆಯೆಂದ ಪರಂಪರೆ ನಮ್ಮದು; ಸತಿಪತಿ ಕೂಡಿ ಬಾಳುವುದನ್ನೇ ಭಕ್ತಿಯೆಂದವರು ಶರಣರು. ಅದನ್ನು ಹೊತ್ತುಗಳೆಯುವ ಕೆಲಸವೆಂದು ತಿಳಿದವರಿಗೆ ಏನು ಹೇಳುವುದು?

೧೯೪೮ರ ಕಾರ್ಖಾನೆ ಕಾನೂನು ವಾರಕ್ಕೆ ೪೮ ತಾಸು, ದಿನಕ್ಕೆ ೯ ತಾಸು ಎಂದಿತ್ತು. ನಮ್ಮ ರಾಜ್ಯವೇ ೨೦೨೩ರಲ್ಲಿ ತಿದ್ದುಪಡಿ ಮಾಡಿ, ವಾರದ ೪೮ ತಾಸನ್ನು ಹಾಗೆಯೇ ಇಟ್ಟು, ದಿನಕ್ಕೆ ೧೨ರ ತನಕ ದುಡಿಸಲು ದಾರಿ ಮಾಡಿತು. ತಾಸುಗಳನ್ನು ಹೆಚ್ಚಿಸುವ ಮಾತು ಆಡುವವರಾರೂ ಆ ತಾಸುಗಳನ್ನು ಯಂತ್ರದ ಮುಂದೆ ನಿಂತು ಕಳೆಯುವವರಲ್ಲ.

ಈ ಎಲ್ಲರ ಗೋಡೆಯ ಮೇಲೂ ಕಾಯಕವನ್ನು ಕೈಲಾಸವೆಂದ ಶರಣರ ಮಾತು ಚೌಕಟ್ಟಿನಲ್ಲಿ ತೂಗುತ್ತಿರುವುದೇ ನಮಗೆ ಹೆಚ್ಚಿನ ನೋವು. ಆ ಮಾತನ್ನು ದುಡಿಯುವವನ ತಲೆಯ ಮೇಲೆ ಹಿಡಿದ ಬೆತ್ತದಂತೆ ಬಳಸಲಾಗುತ್ತಿದೆ. ಕಾಯಕವೆಂದರೆ ಕೆಲಸವಲ್ಲ. ಕೆಲಸವೆಲ್ಲ ಕಾಯಕವಾದರೆ ಗಾಣದ ಎತ್ತಿಗೆ ಮೊದಲು ಕೈಲಾಸ ಸಿಗಬೇಕಿತ್ತು. ತಾನೇ ಒಪ್ಪಿ ಹಿಡಿದದ್ದು, ಮೇಲುಕೀಳಿಲ್ಲದ್ದು, ಪರರಿಗೆ ಕೇಡಿಲ್ಲದ್ದು, ಫಲವನ್ನು ಗುರುಲಿಂಗಜಂಗಮಕ್ಕೆ ಅರ್ಪಿಸಿ ಉಳಿದುದನ್ನು ಪ್ರಸಾದವೆಂದು ಉಣ್ಣುವುದು ಕಾಯಕ. ದಾಸೋಹವಿಲ್ಲದೆ ಕಾಯಕವಿಲ್ಲ. ಸಿದ್ಧಾಂತ ಶಿಖಾಮಣಿಯಲ್ಲಿ ಶಿವಯೋಗಿ ಶಿವಾಚಾರ್ಯರು ಸದಾಚಾರವನ್ನು ಹೇಳುವಾಗ, ಧರ್ಮದಿಂದ ಗಳಿಸಿದ ದ್ರವ್ಯದಿಂದ ಮಾಡುವ ಸಂತರ್ಪಣೆ ಎಂದೇ ಹೇಳುತ್ತಾರೆ. ದ್ರವ್ಯ ಎಷ್ಟು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ, ಹೇಗೆ ಬಂತು ಎಂಬುದು ಪ್ರಶ್ನೆ.

ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಕಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದನ್ನು ಬಡವನಿಗೆ ಮಾತ್ರ ಹೇಳಲಾಗುತ್ತಿದೆ: ಹೆಚ್ಚು ಆಸೆ ಪಡಬೇಡ ಎಂದು. ಲಕ್ಕಮ್ಮನ ಪ್ರಶ್ನೆಯನ್ನು ಲಾಭದ ಪತ್ರಿಕೆ ಹಿಡಿದು ಬರುವ ಮಾಲೀಕನಿಗೆ ಅವನ ಮನೆಯಲ್ಲಿ ಯಾರಾದರೂ ಕೇಳಿದ್ದುಂಟೆ? ನುಲಿಯ ಚಂದಯ್ಯನ ಕಥೆ ಇನ್ನೂ ಸೂಕ್ಷ್ಮ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ಆ ಶರಣನ ಹಗ್ಗಕ್ಕೆ ಮಹಾಮನೆಯಲ್ಲಿ ಬೆಲೆಗಿಂತ ಅಧಿಕ ಹೊನ್ನು ಕೊಟ್ಟರೆ, ಅದನ್ನು ತಿರುಗಿ ಕೊಟ್ಟು ನ್ಯಾಯವಾದ ಬೆಲೆಯನ್ನಷ್ಟೇ ಪಡೆದನಂತೆ. ಹೆಚ್ಚು ಬೇಡವೆನ್ನುವವನಿಗೆ ಕಡಿಮೆ ಬೇಡವೆನ್ನುವ ಹಕ್ಕೂ ಇರುತ್ತದೆ. ಹಗ್ಗಕ್ಕೆ ತಕ್ಕ ಬೆಲೆಯೆಂಬುದು ಒಂದಿದೆ, ಅದು ಮೇಲಕ್ಕೂ ಸರಿಯಬಾರದು, ಕೆಳಕ್ಕೂ ಸರಿಯಬಾರದು. ರಾಮದುರ್ಗ, ಸುರೇಬಾನಗಳಲ್ಲಿ ಸೀರೆಗೆ ಇಷ್ಟೆಂದು ಮಜೂರಿ ಪಡೆಯುವ ನೇಕಾರನ ಲೆಕ್ಕವೂ ಇದೇ.

ಗಣಾಚಾರವೆಂದರೆ ಶಿವನಿಂದೆಯನ್ನು ಕೇಳಿ ಸಹಿಸದಿರುವುದು ಎಂದು ಶಾಸ್ತ್ರ. ಇಷ್ಟಲಿಂಗ ಧರಿಸಿದ ದೇಹವೇ ದೇವಾಲಯವೆಂದು ನಂಬಿದವರಿಗೆ, ಆ ದೇಹವನ್ನು ಹದಿನಾಲ್ಕು ತಾಸು ನಿಲ್ಲಿಸಿ, ಮೂತ್ರಕ್ಕೆ ಹೋಗಲೂ ಮೇಸ್ತ್ರಿಯ ಅಪ್ಪಣೆ ಬೇಕೆಂದು ಮಾಡುವುದು ಶಿವನಿಂದೆಯಲ್ಲದೆ ಮತ್ತೇನು? ಲಿಂಗವಿಲ್ಲದ ದೇಹಕ್ಕೆ ಇದು ಅನ್ವಯಿಸದೆ ಎಂದು ಯಾರಾದರೂ ಕೇಳಿಯಾರು. ಪ್ರಾಣಲಿಂಗವಿಲ್ಲದ ಜೀವ ಯಾವುದು, ತೋರಿಸಲಿ.

ದೋಷವೆಲ್ಲ ಕಂಪನಿಯದೇ ಎಂದರೆ ಅದೂ ಅರ್ಧಸತ್ಯ. ವರ ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ ಪ್ಯಾಕೇಜ್ ಎಷ್ಟು ಎಂದು. ಹತ್ತೆಕರೆ ನೀರಾವರಿ ಹೊಲವಿದ್ದು ದುಶ್ಚಟವಿಲ್ಲದ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. ರೈತರ ಬಾಕಿ ಉಳಿಸಿಕೊಂಡವನಿಗೆ ಜಾತ್ರೆಯ ವೇದಿಕೆಯ ಮೇಲೆ ಶಾಲು, ಹಾರ, ಬಿರುದು. ಅವನು ಕೊಡುವ ದೇಣಿಗೆಯಿಂದ ಮಂಟಪದ ಕಳಸ ಏರುತ್ತದೆ. ಮಠಾಧೀಶರಾದವರು ದೇಣಿಗೆ ಪಡೆಯುವ ಮೊದಲು, ಅಪ್ಪಾ, ನಿನ್ನ ಆಳುಗಳ ಪಗಾರ ಆಯಿತೇ ಎಂದು ಕೇಳುವುದು ಅಪಮಾನವಲ್ಲ, ಅದು ದೀಕ್ಷಾಗುರುವಿನ ಕರ್ತವ್ಯ. ಧರ್ಮದ ಹೆಸರಿನ ವಿದ್ಯಾಸಂಸ್ಥೆಗಳಲ್ಲಿಯೂ ಶಿಕ್ಷಕರು ಸಹಿ ಮಾಡುವ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು ಎಂಬ ಮಾತು ನಾಡಿನಲ್ಲಿ ಗುಟ್ಟೇನೂ ಅಲ್ಲ. ಅಂಥ ಗೋಡೆಗಳ ಮೇಲೆಯೂ ಅದೇ ಕಾಯಕದ ಫಲಕ!

ಇದೇ ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಆ ನಿಧಿಯಿಂದ ಓದಿದವರು ಎಷ್ಟು ಮನೆತನಗಳಲ್ಲಿಲ್ಲ! ಅವರೂ ಶ್ರೀಮಂತರೇ, ಲೆಕ್ಕ ಬಲ್ಲವರೇ. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಮಂಟಪವೂ ಇದೆ, ರೈತರೇ ಷೇರು ಕೂಡಿಸಿ ಕಟ್ಟಿದ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇದೆ. ರೈತನೇ ಒಡೆಯನಾಗಬೇಕೆಂಬ ಆ ಹಿರಿಯರ ಎಣಿಕೆ ದೊಡ್ಡದು. ಸಹಕಾರವೆಂಬುದು ಚುನಾವಣೆಯ ಗುಂಪುಗಾರಿಕೆಯಾಗಿ ಸಣ್ಣದಾದುದಕ್ಕೆ ಮತ ಹಾಕಿದ ಷೇರುದಾರರೂ ಉತ್ತರ ಹೇಳಬೇಕು.

ಸಿಟ್ಟು ಇದ್ದವರಿಗೆ ನಮ್ಮದೊಂದು ಸೂಚನೆ: ಲೆಕ್ಕ ಕಲಿಯಿರಿ. ಬಸವಣ್ಣನವರ ಮೇಲೆ ಭಂಡಾರ ಬರಿದು ಮಾಡಿದರೆಂಬ ಅಪವಾದ ಬಂದಾಗ ಅವರು ಕೂಗಾಡಲಿಲ್ಲ, ಬಿಜ್ಜಳನ ಮುಂದೆ ಲೆಕ್ಕ ಒಪ್ಪಿಸಿದರು. ೧೯೬೬ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ ೧೪ ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇಕಡಾ ೧೫ರಂತೆ ಬಡ್ಡಿ. ನೂರು ಟನ್ನು ಕಬ್ಬಿಗೆ ೩,೩೦೦ರಂತೆ ೩,೩೦,೦೦೦ ರೂಪಾಯಿ. ಅವಧಿ ಮುಗಿದ ಮೇಲೆ ಆರು ತಿಂಗಳು ತಡವಾದರೆ ೨೪,೭೫೦ ರೂಪಾಯಿ ಬಡ್ಡಿ ನಿಮಗೆ ಸಲ್ಲಬೇಕಾದದ್ದು. ಇದನ್ನು ಎಷ್ಟು ಜನ ಬರೆದು ಕೇಳಿದ್ದೀರಿ? ೨೦೨೫ರ ನವೆಂಬರ್ ೨೧ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಗಳ ಆಕ್ಷೇಪ ಹಲವಿವೆ, ಇರಲಿ. ಆದರೆ ನೇಮಕಾತಿ ಪತ್ರ ಕೊಡಲೇಬೇಕೆಂದೂ, ಅವಧಿ ಗೊತ್ತು ಮಾಡಿ ನೇಮಿಸಿದವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಲ್ಲಬೇಕೆಂದೂ ಅವುಗಳಲ್ಲಿ ಇದೆ. ಪತ್ರ ಕೇಳಿ ಪಡೆಯಿರಿ, ಪಗಾರದ ಚೀಟಿ ಹರಿದು ಹಾಕಬೇಡಿರಿ.

ಬರುವ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಗೆ ಮಠಕ್ಕೆ ಬರುವವರು ತೆಂಗಿನಕಾಯಿ, ಊದಿನಕಡ್ಡಿಗಳ ಜೊತೆಗೆ ಕಬ್ಬಿನ ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ನೇಮಕಾತಿ ಪತ್ರಗಳ ನಕಲನ್ನೂ ತರಬೇಕು. ಕಾನೂನು ಬಲ್ಲ ಇಬ್ಬರು ಭಕ್ತರು ಪ್ರಸಾದದ ನಂತರ ಕುಳಿತು ಲೆಕ್ಕ ನೋಡಿ, ಅರ್ಜಿ ಬರೆದುಕೊಡಲು ಒಪ್ಪಿದ್ದಾರೆ. ಮಾಲೀಕರಾದ ಭಕ್ತರೂ ಬರಬಹುದು, ಅವರೂ ತಮ್ಮ ಪಗಾರದ ಪುಸ್ತಕ ತರಲಿ. ಎಲ್ಲರಿಗೂ ಒಂದೇ ಪಂಕ್ತಿ.