ಕೇಳಬಯಸಿದವರಿಗೆ ಮಾತ್ರ

ಬಾನುಲಿ ಕೇಂದ್ರವು ತನ್ನ ಮಾತನ್ನು ಆಕಾಶಕ್ಕೆ ಒಪ್ಪಿಸಿ ನಿಶ್ಚಿಂತವಾಗಿರುತ್ತದೆ. ಕೇಳುವವರು ಹತ್ತು ಮಂದಿಯಾಗಲಿ, ಹತ್ತು ಲಕ್ಷವಾಗಲಿ, ಅದರ ಶ್ರಮ ಒಂದೇ. ದೂರವಾಣಿಯ ರೀತಿ ಬೇರೆ. ಅದೇ ಸುದ್ದಿಯನ್ನು ಹತ್ತು ಜನಕ್ಕೆ ಹೇಳಬೇಕಾದರೆ ಹತ್ತು ಸಲ ಕರೆಯಬೇಕು. ಕಂಪ್ಯೂಟರ್ ಜಾಲಗಳಲ್ಲಿ ಈ ಎರಡು ರೀತಿಗಳೂ ಉಂಟು. ಇವೆರಡರ ನಡುವೆ ಮೂರನೆಯದೊಂದಿದೆ: ಕೇಳಬಯಸಿದವರಿಗೆ ಮಾತ್ರ, ಆದರೆ ಅವರೆಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳುವುದು. ಇದನ್ನು ಇಂಗ್ಲಿಷಿನವರು ಮಲ್ಟಿಕಾಸ್ಟ್ ಎನ್ನುತ್ತಾರೆ. ನಾನು ಗುಂಪುಪ್ರಸಾರ ಎನ್ನುತ್ತೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಲ್ಲಿ ಏನು ಕೆಲಸವೆಂದು ತಾವು ಕೇಳಬಹುದು. ಒಂದು ಮಾತು ಯಾರಿಗೆ, ಯಾರ ಮೂಲಕ, ಎಷ್ಟು ದೂರ ಸಾಗಬೇಕೆಂಬ ಪ್ರಶ್ನೆ ಯಂತ್ರವಿದರಿಗೆ ಮಾತ್ರ ಸೇರಿದ್ದಲ್ಲವೆಂಬುದೇ ನನ್ನ ಉತ್ತರ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ ಎಂಬಾತ 1980ರ ದಶಕದಲ್ಲಿ ಈ ವಿಧಾನಕ್ಕೆ ಅಡಿಪಾಯ ಹಾಕಿದ. 1989ರಲ್ಲಿ ಅದರ ನಿಯಮಗಳು ಗಟ್ಟಿಯಾಗಿ ಪ್ರಕಟವಾದವು. ಜಾಲದ ಸಾಮಾನ್ಯ ವಿಳಾಸವೊಂದು ಒಂದು ಯಂತ್ರವನ್ನು ಸೂಚಿಸುತ್ತದೆ. 224ರಿಂದ 239ರವರೆಗಿನ ಅಂಕೆಗಳಿಂದ ಆರಂಭವಾಗುವ ವಿಳಾಸಗಳಾದರೋ ಯಾವ ಮನೆಯನ್ನೂ ಸೂಚಿಸುವುದಿಲ್ಲ. ಅವು ಸಭೆಗಳ ಹೆಸರುಗಳು. ಅಂಥ ಹೆಸರುಗಳು ಸುಮಾರು 26 ಕೋಟಿ 84 ಲಕ್ಷ ಇವೆ. ಸಭೆಗೆ ಸೇರಬಯಸುವ ಯಂತ್ರವು ತನ್ನ ಸಮೀಪದ ರೂಟರಿಗೆ 'ನನಗೂ ಬೇಕು' ಎಂದು ತಿಳಿಸಿದರೆ ಸಾಕು. ಮೂಲದಿಂದ ಒಂದೇ ಪ್ರತಿ ಹೊರಡುತ್ತದೆ. ದಾರಿ ಕವಲೊಡೆಯುವಲ್ಲಿ ಮಾತ್ರ ಅದು ಎರಡಾಗುತ್ತದೆ. ಐನೂರು ಮಂದಿ ನೋಡುವ ದೃಶ್ಯಕ್ಕೆ ಮೂಲವು ಐನೂರು ಪ್ರತಿಗಳನ್ನು ಕಳುಹಿಸಬೇಕಾಗಿಲ್ಲ. ಷೇರುಪೇಟೆಯ ದರಗಳು, ಕೇಬಲ್ಲಿನ ಮೂಲಕ ಬರುವ ದೂರದರ್ಶನ ವಾಹಿನಿಗಳು ಈ ಬಗೆಯಲ್ಲಿ ಹಂಚಿಕೆಯಾಗುವುದುಂಟು.

ಇಲ್ಲಿ ಒಂದು ಅಪಾಯವಿದೆ. ಪ್ರತಿ ಮಾಡುವ ಅಧಿಕಾರವನ್ನು ಎಲ್ಲರಿಗೂ ಕೊಟ್ಟರೆ, ದಾರಿ ಸುತ್ತಿ ಬಂದ ಪ್ರತಿಯು ಮತ್ತೆ ಪ್ರತಿಯಾಗಿ ಜಾಲವನ್ನೇ ಮುಳುಗಿಸಬಹುದು. ಇದಕ್ಕೆ ಉಪಾಯವನ್ನು ಯೋಗೇನ್ ದಲಾಲ್ ಮತ್ತು ರಾಬರ್ಟ್ ಮೆಟ್ಕಾಫ್ 1978ರಲ್ಲಿಯೇ ವಿವರಿಸಿದ್ದರು. ಮಾತೊಂದು ಬಂದಾಗ ರೂಟರು ತನ್ನನ್ನೇ ಕೇಳಿಕೊಳ್ಳುತ್ತದೆ: 'ಇದನ್ನು ಆಡಿದವನ ಬಳಿಗೆ ನಾನು ಹೋಗುವುದಾದರೆ ಯಾವ ಬಾಗಿಲಿನಿಂದ ಹೋಗುತ್ತಿದ್ದೆ?' ಆ ಬಾಗಿಲಿನಿಂದಲೇ ಬಂದಿದ್ದರೆ ಮುಂದಕ್ಕೆ ಸಾಗಿಸುತ್ತದೆ. ಬೇರೆ ಬಾಗಿಲಿನಿಂದ ಬಂದಿದ್ದರೆ ಅಲ್ಲಿಯೇ ಕೈಬಿಡುತ್ತದೆ. ಸುದ್ದಿಯ ಸತ್ಯಾಸತ್ಯವನ್ನು ಅಳೆಯಲಾರದ ಯಂತ್ರವು ಅದು ಬಂದ ದಿಕ್ಕನ್ನಾದರೂ ವಿಚಾರಿಸುತ್ತದೆ.

ಮುಂದಿನ ಪ್ರಶ್ನೆ, ಆಡುವವನೂ ಕೇಳುವವನೂ ಒಬ್ಬರನ್ನೊಬ್ಬರು ಅರಿಯದಿರುವಾಗ ಅವರು ಸಂಧಿಸುವುದೆಲ್ಲಿ ಎಂಬುದು. ಇದಕ್ಕಾಗಿ ಜಾಲದಲ್ಲಿ ಒಂದು ರೂಟರನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ರಾಂದೆವೂ ಪಾಯಿಂಟ್. ನಮ್ಮ ಕಾವ್ಯಮೀಮಾಂಸೆಯಲ್ಲಿ ಅಭಿಸಾರಿಕೆ ನಾಯಕನನ್ನು ಕಾಣಲು ಹೋಗುವ ತಾಣಕ್ಕೆ ಸಂಕೇತಸ್ಥಾನವೆಂಬ ಹೆಸರಿದೆ. ಅದೇ ಪದ ಇಲ್ಲಿಗೂ ಸಲ್ಲುತ್ತದೆ. ಮೂಲದ ಕಡೆಯ ರೂಟರು ಅಲ್ಲಿಗೆ ಸುದ್ದಿ ಮುಟ್ಟಿಸುತ್ತದೆ, ಕೇಳುಗನ ಕಡೆಯದು ಅಲ್ಲಿಗೆ ಬೇಡಿಕೆ ಕಳುಹಿಸುತ್ತದೆ. ಪರಿಚಯವಾದ ಮೇಲೆ ಇಬ್ಬರೂ ಹತ್ತಿರದ ದಾರಿಯನ್ನು ಹಿಡಿಯಬಹುದು.

ಒಂದು ಸಂಸ್ಥೆಯ ಜಾಲಕ್ಕೆ ಒಂದು ಸಂಕೇತಸ್ಥಾನವಿದೆ, ಇನ್ನೊಂದರ ಜಾಲಕ್ಕೆ ಇನ್ನೊಂದಿದೆ. ಇಲ್ಲಿನ ಮಾತಿನ ಸುದ್ದಿ ಅಲ್ಲಿಗೆ ತಿಳಿಯುವುದು ಹೇಗೆ? ಎರಡು ಸಂಕೇತಸ್ಥಾನಗಳು ಒಡಂಬಡಿಕೆ ಮಾಡಿಕೊಂಡು ಪೀರ್‌ಗಳಾಗುತ್ತವೆ. ಕನ್ನಡದಲ್ಲಿ ಇದಕ್ಕೆ 'ಓರಗೆಯವರು' ಎಂಬ ಸೊಗಸಾದ ಮಾತಿದೆ; ಒಬ್ಬ ಹಿರಿಯನಲ್ಲ, ಒಬ್ಬ ಕಿರಿಯನಲ್ಲ. 'ಇಂಥ ಮೂಲವು ಇಂಥ ಸಭೆಗೆ ಮಾತಾಡುತ್ತಿದೆ' ಎಂಬ ಸೂಚನೆಯನ್ನು ಅವರು ಪರಸ್ಪರ ಒಪ್ಪಿಸುತ್ತಾರೆ. ಎಂ.ಎಸ್.ಡಿ.ಪಿ. ಎಂಬ ಈ ನಿಯಮಾವಳಿ ಮೊದಲೇ ಬಳಕೆಗೆ ಬಂದು, 2003ರಲ್ಲಿ ಗ್ರಂಥಸ್ಥವಾಯಿತು.

ಇದನ್ನು ಅಳವಡಿಸುವುದು ಸ್ವಿಚ್ಚಿನಲ್ಲಿ. ದೀಪದ ಗುಂಡಿಯೆಂದು ಭಾವಿಸಬಾರದು. ಹಲವು ತಂತಿಗಳು ಕೂಡುವ, ದಾರಿಯನ್ನೂ ನಿರ್ಣಯಿಸಬಲ್ಲ ಪೆಟ್ಟಿಗೆ ಇದು. ಮೊದಲು ಗುಂಪುಪ್ರಸಾರಕ್ಕೆ ದಾರಿ ಹುಡುಕುವ ಶಕ್ತಿಯನ್ನು ಅದರಲ್ಲಿ ಎಚ್ಚರಿಸಬೇಕು. ಅನೇಕ ಸ್ವಿಚ್ಚುಗಳಲ್ಲಿ ಅದು ಮಲಗಿಯೇ ಇರುತ್ತದೆ. ಬಳಿಕ ಮಾತು ಹಾಯಬೇಕಾದ ಪ್ರತಿಯೊಂದು ಬಾಗಿಲಿಗೂ ಅಪ್ಪಣೆ ಕೊಟ್ಟು, ಸಂಕೇತಸ್ಥಾನದ ವಿಳಾಸವನ್ನು ತಿಳಿಸಬೇಕು. ಆಮೇಲೆ ಓರಗೆಯವನನ್ನು ಹೆಸರಿಸಬೇಕು. ಇದು ಎರಡು ಕಡೆಯೂ ನಡೆಯಬೇಕು. ಒಬ್ಬನೇ ಸ್ನೇಹವೆಂದರೆ ಸ್ನೇಹವಾಗದು. ಹೆಸರಿಸುವಾಗ ಯಾವುದೋ ಒಂದು ತಂತಿಗೆ ಕಟ್ಟುಬಿದ್ದ ವಿಳಾಸಕ್ಕಿಂತ ಪೆಟ್ಟಿಗೆಯ ಒಳವಿಳಾಸವನ್ನು ಕೊಡುವುದು ಲೇಸು. ತಂತಿಯೊಂದು ಕಡಿದರೂ ಬೇರೆ ದಾರಿಯಿಂದ ಸಂಬಂಧ ಉಳಿಯುತ್ತದೆ. ಇಬ್ಬರೂ ಒಟ್ಟಿಗೆ ಕರೆದು ಗೊಂದಲವಾಗದಂತೆ, ಚಿಕ್ಕ ವಿಳಾಸವುಳ್ಳವನು ಕರೆಯಬೇಕು, ದೊಡ್ಡ ವಿಳಾಸದವನು ಕಾದಿರಬೇಕು. ಮೂಲವು ಆಡುತ್ತಿರುವಷ್ಟು ಕಾಲ 60 ಸೆಕೆಂಡಿಗೊಮ್ಮೆ ಸೂಚನೆ ಹೋಗುತ್ತದೆ. 75 ಸೆಕೆಂಡುಗಳವರೆಗೆ ಓರಗೆಯವನಿಂದ ಸದ್ದೇ ಇಲ್ಲವಾದರೆ ಸಂಬಂಧ ಕಡಿಯಿತೆಂದು ಲೆಕ್ಕ. ಮೂವರು ನಾಲ್ವರು ಪರಸ್ಪರ ಓರಗೆಯವರಾಗಿದ್ದರೆ ಅವರನ್ನು ಒಂದು ಬಳಗವೆಂದು ಘೋಷಿಸಬಹುದು. ಆಗ ಬಳಗದವನೊಬ್ಬನಿಂದ ಬಂದ ಸೂಚನೆಯನ್ನು ಬಳಗದ ಇತರರಿಗೆ ಮತ್ತೆ ಹೇಳುವುದಿಲ್ಲ. ಅವರಿಗೆ ಅದು ನೇರವಾಗಿಯೇ ತಲಪಿರುತ್ತದೆ.

ಇಷ್ಟರಿಂದ ವ್ಯವಸ್ಥೆ ನಡೆಯುತ್ತದೆ, ಆದರೆ ಸುರಕ್ಷಿತವಾಗುವುದಿಲ್ಲ. 2001ರ ಜನವರಿಯಲ್ಲಿ ರಾಮೆನ್ ಎಂಬ ಕಂಪ್ಯೂಟರ್ ಹುಳು ಹಬ್ಬಿತು. ಅದು ಹೊಸ ಬಲಿಗಳನ್ನರಸುತ್ತ ಸುಮಾರು 65 ಸಾವಿರ ವಿಳಾಸಗಳ ಗುಚ್ಛವನ್ನು ಒಮ್ಮೆಲೇ ತಡಕುತ್ತಿತ್ತು. ಆ ಗುಚ್ಛ ಒಮ್ಮೊಮ್ಮೆ ಸಭೆಗಳ ವಿಳಾಸಗಳ ನಡುವೆ ಬೀಳುತ್ತಿತ್ತು. ಹುಳುವಿನ ಪ್ರತಿಯೊಂದು ತಟ್ಟನ್ನೂ ಸಂಕೇತಸ್ಥಾನವು ಹೊಸ ಸಭೆಯ ಆರಂಭವೆಂದು ಬಗೆದು, ಓರಗೆಯವರಿಗೆ ಶ್ರದ್ಧೆಯಿಂದ ಸಾರಿತು. ಅವರು ತಮ್ಮ ಓರಗೆಯವರಿಗೆ ಸಾರಿದರು. ಯಾರೂ ನಿಯಮ ಮೀರಲಿಲ್ಲ. ಆದರೂ ಇಲ್ಲದ ಸಭೆಗಳ ಸುದ್ದಿಯ ಭಾರಕ್ಕೆ ರೂಟರುಗಳು ತತ್ತರಿಸಿದವು. 2003ರ ಜನವರಿಯಲ್ಲಿ ಸ್ಲ್ಯಾಮರ್ ಎಂಬ ಇನ್ನೊಂದು ಹುಳುವಿನಿಂದಲೂ ಇಂಥದೇ ಪೀಡೆ ಒದಗಿತು.

ಆದುದರಿಂದ ಬಲ್ಲವರು ಇನ್ನೆರಡು ಸಾಲುಗಳನ್ನು ಸೇರಿಸದೆ ಸ್ವಿಚ್ಚಿನಿಂದ ಕೈ ತೆಗೆಯುವುದಿಲ್ಲ. ಇಂಥ ಸಭೆಗಳ ಸೂಚನೆಯನ್ನು ಮಾತ್ರ ಕೊಳ್ಳುವೆ, ಕೊಡುವೆ ಎಂಬ ಸೋಸುಪಟ್ಟಿ ಒಂದು. ಒಬ್ಬ ಓರಗೆಯವನಿಂದ ಇಷ್ಟಕ್ಕಿಂತ ಹೆಚ್ಚು ಸೂಚನೆಗಳನ್ನು ನೆನಪಿನಲ್ಲಿಡಲಾರೆ ಎಂಬ ಮಿತಿ ಇನ್ನೊಂದು. ಮಿತಿಯಿಂದ ಸ್ನೇಹಕ್ಕೆ ಕುಂದಿಲ್ಲ. ಓರಗೆಯವನ ಮನೆಗೆ ಹುಳು ಬಿದ್ದ ದಿನ ತನ್ನ ಮನೆ ಉಳಿಯುವುದು ಅದರಿಂದಲೇ.

ಬೇರೆ ಬೇರೆ ಆಡಳಿತಗಳ ಜಾಲಗಳ ನಡುವೆ ಈ ಪದ್ಧತಿಯನ್ನು ಕೈಬಿಡಬೇಕೆಂದು 2020ರಲ್ಲಿ ಅಂತರಜಾಲದ ತಾಂತ್ರಿಕ ಮಂಡಲಿಯು ಸಲಹೆ ಮಾಡಿದೆ. ಅಲ್ಲಿ ಕೇಳುಗನೇ 'ಇಂಥ ಸಭೆಯಲ್ಲಿ ಇಂಥವನ ಮಾತು' ಎಂದು ಮೂಲವನ್ನು ಹೆಸರಿಸಿ ಬೇಡುವ ಕ್ರಮ ಮೇಲೆಂದು ಅದರ ಅಭಿಮತ. ಆಗ ಸಂಕೇತಸ್ಥಾನವೂ ಬೇಡ, ಸಾರುವ ಓರಗೆಯವರೂ ಬೇಡ. ಒಂದೇ ಸಂಸ್ಥೆಯ ಜಾಲದೊಳಗೆ, ಒಂದು ಸಂಕೇತಸ್ಥಾನ ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳಲೆಂದು ಇಡುವ ಜೋಡಿಗಳಲ್ಲಿ, ಹಳೆಯ ಪದ್ಧತಿ ಈಗಲೂ ಬಾಳುತ್ತಿದೆ. ಬೇಕಾದುದನ್ನು ಹೆಸರಿಟ್ಟು ಕೇಳಲು ಬಲ್ಲ ಕೇಳುಗನಿದ್ದಲ್ಲಿ ಸಾರುವವರ ಹೊರೆ ಎಷ್ಟೋ ಹಗುರವಾಗುತ್ತದೆ. ಓದುಗರಾದ ನಮಗೆ ಇದು ಹೊಸ ಸಂಗತಿಯಲ್ಲ.